ನಿಮ್ಮ ಪಟ್ಟಿಯಿಂದ ಮಾಯವಾದ ಕೋರ್ಸು

ಮಾನ್ಯ ನಿರ್ದೇಶಕರೇ,

ಒಂದು ಸೆಮಿಸ್ಟರಿನ ಮಟ್ಟಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ಬಿಸಿನೆಸ್ ಓದಲು ನಮ್ಮ ಬಂದರಿನ ಊರಿಗೆ ಬರುವ ವಿದೇಶೀ ಮಕ್ಕಳಿಗಾಗಿ ವಿಶ್ವವಿದ್ಯಾಲಯದ ನಿಮ್ಮ ವಿನಿಮಯ ಕಚೇರಿ ಆಗಸ್ಟಿನಲ್ಲಿ ಶುರುವಾಗುವ ಕೋರ್ಸುಗಳ ಪಟ್ಟಿಯನ್ನು ಪ್ರಕಟಿಸಿದೆ. ಹೋದ ಸೆಮಿಸ್ಟರಿನಲ್ಲಿದ್ದ 'ಉದ್ಯಮ ಮತ್ತು ಅಪಾಯ' ಎಂಬ ಕೋರ್ಸು ಅದರಲ್ಲಿಲ್ಲ. ಯಾಕೆಂದು ವಿಚಾರಿಸಿದವರಿಗೆ ನಿಮ್ಮ ಕಚೇರಿ ಕೊಟ್ಟ ಉತ್ತರ ಇದು: "ಈ ಕೋರ್ಸನ್ನು ಅರ್ಥಮಾಡಿಕೊಳ್ಳುವಷ್ಟು ಭಾಷೆ ವಿದೇಶೀ ವಿದ್ಯಾರ್ಥಿಗಳಿಗೆ ಇರುವುದಿಲ್ಲ." ಮಾನ್ಯರೇ, ಇದು ಸುಳ್ಳು. ಸುಳ್ಳೆಂದು ನಿಮಗೂ ಗೊತ್ತು. ಒಬ್ಬ ಹುಡುಗಿಗೆ ಆ ಕೋರ್ಸು ಬೇಕಾದ್ದಕ್ಕಿಂತ ಚೆನ್ನಾಗಿಯೇ ಅರ್ಥವಾಯಿತು. ನಿಮಗೆ ತೊಂದರೆಯಾದದ್ದು ಅಲ್ಲಿ.

ನಾನು ಯಾರೆಂದು ನಿಮಗೆ ನೆನಪಿಲ್ಲದಿದ್ದರೆ ಹೇಳುತ್ತೇನೆ. ಸರ್ಕಾರಿ ಶಾಲೆಯಲ್ಲಿ ಭಾಷೆ ಕಲಿಸಿ ನಿವೃತ್ತಳಾದವಳು. ಗಂಡ ತೀರಿಕೊಂಡ ಮೇಲೆ ಮನೆಯ ಮೇಲಿನ ಕೋಣೆಯನ್ನು ನಿಮ್ಮ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುತ್ತ ಬಂದಿದ್ದೇನೆ. ನಿಮ್ಮ ಕಚೇರಿಯೇ ಅವರನ್ನು ನನ್ನ ಬಾಗಿಲಿಗೆ ಕಳಿಸುತ್ತದೆ. 'ಭರವಸೆಯ ಆತಿಥ್ಯದ ಮನೆ' ಎಂದು ನಿಮ್ಮ ಕಿರುಹೊತ್ತಿಗೆಯಲ್ಲಿ ನನ್ನ ಮನೆಯ ಫೋಟೋ ಇದೆ. ಇನ್ನು ಮೇಲೆ ಇರಲಿಕ್ಕಿಲ್ಲ. ಈ ಮಾರ್ಚಿನಲ್ಲಿ ನೀವು ಕಳಿಸಿದವಳು ನೇಝಾ. ಸ್ಲೊವೇನಿಯಾ ದೇಶದವಳು, ಎತ್ತರದ ಹುಡುಗಿ, ಮೆಟ್ಟಿಲು ಹತ್ತುವಾಗ ತಲೆ ತಗ್ಗಿಸುವುದನ್ನು ಮರೆತು ಮೊದಲ ವಾರವೆಲ್ಲ ಹಣೆ ಊದಿಸಿಕೊಂಡು ತಿರುಗಿದಳು. ಪುಸ್ತಕದಿಂದ ಕಲಿತ ಸ್ಪ್ಯಾನಿಷ್ ಅವಳದು. ಬಂದ ದಿನವೇ ನನ್ನೆದುರು ನಿಂತು ಗಂಭೀರವಾಗಿ, "ಚಿಕ್ಕಮ್ಮನವರೇ, ನಾನು ಸ್ಥಳೀಯ ವಿದ್ಯಾರ್ಥಿಗಳೊಡನೆ ವ್ಯಾಸಂಗ ಮಾಡಲು ಇಚ್ಛಿಸುತ್ತೇನೆ" ಎಂದಳು.

"ವ್ಯಾಸಂಗ ಗೀಸಂಗ ಎಲ್ಲಾ ಬೇಡ ಕಣೇ. 'ಇಲ್ಲಿಯವರ ಜೊತೆ ಓದ್ತೀನಿ' ಅನ್ನು, ಸಾಕು" ಎಂದೆ.

ಅವಳು ಅದನ್ನು ಬಾಯಲ್ಲೇ ಎರಡು ಸಲ ಹೇಳಿಕೊಂಡು ಕಲಿತಳು. ಹಾಗೆ ಕಲಿಯುವವರು ನನ್ನ ಮೂವತ್ತು ಚಿಲ್ಲರೆ ವರ್ಷದ ತರಗತಿಗಳಲ್ಲಿ ಕಡಿಮೆ.

ಸೆಮಿಸ್ಟರಿನ ಮೊದಲ ಎರಡು ವಾರ ಯಾವ ತರಗತಿಯಲ್ಲಿ ಬೇಕಾದರೂ ಕೂತು ನೋಡಬಹುದು, ಆಮೇಲೆ ಹೆಸರು ಬರೆಸಬೇಕು ಎಂಬುದು ನಿಮ್ಮ ನಿಯಮ. ಒಳ್ಳೆಯ ನಿಯಮವೇ. ಆದರೆ ಅವಳು ಎಲ್ಲೂ ಕೂರುವ ಮೊದಲೇ ನಿಮ್ಮ ಕಚೇರಿ ಅವಳ ಪರವಾಗಿ ಆಯ್ಕೆ ಮಾಡಿ ಮುಗಿಸಿತ್ತು: ದ್ರಾಕ್ಷಾರಸದ ಮಾರಾಟ ಕಲೆ, ಲ್ಯಾಟಿನ್ ಅಮೆರಿಕದ ವ್ಯವಹಾರ ಶಿಷ್ಟಾಚಾರ, ಪ್ರವಾಸೋದ್ಯಮ ಪರಿಚಯ. ಮೂರರಲ್ಲೂ ಬರೀ ವಿದೇಶೀ ಮಕ್ಕಳೇ. ಜರ್ಮನಿಯವರು, ಕೊರಿಯಾದವರು, ಫ್ರಾನ್ಸಿನವರು ಕೂತು ತಮ್ಮತಮ್ಮಲ್ಲಿ ಇಂಗ್ಲಿಷ್ ಆಡುತ್ತಾರೆ, ಮೇಷ್ಟ್ರು ದಯೆಯಿಂದ ನಿಧಾನಕ್ಕೆ ಸ್ಪ್ಯಾನಿಷ್ ಆಡುತ್ತಾರೆ. ನೇಝಾ ಒಂದು ತರಗತಿಗೆ ಹೋಗಿ ಬಂದು, ಸಂಜೆ ಚಹಾದ ಹೊತ್ತಿಗೆ ಬ್ರೆಡ್ಡಿನ ಮೇಲೆ ಬೆಣ್ಣೆಹಣ್ಣು ಸವರುತ್ತ ಅಣಕ ಮಾಡಿ ತೋರಿಸಿದಳು. "ಕಿವುಡ ಅಜ್ಜನಿಗೆ ಹೇಳುವ ಹಾಗೆ ಹೇಳುತ್ತಾರೆ ಚಿಕ್ಕಮ್ಮ. 'ಇದು ದ್ರಾ... ಕ್ಷಿ. ಇದರಿಂದ... ರಸ.' ಇದಕ್ಕಾಗಿ ನಾನು ಸಮುದ್ರ ದಾಟಬೇಕಿತ್ತೇ?"

ಅದೇ ವಾರ ಅವಳು ಪ್ರೊಫೆಸರ್ ರೆಮಿಖಿಯೊ ಲೆಯ್ವಾ ಅವರ 'ಉದ್ಯಮ ಮತ್ತು ಅಪಾಯ' ತರಗತಿಯಲ್ಲಿ ಹೋಗಿ ಕೂತಳು. ವಾಪಸು ಬಂದಾಗ ಮುಖ ಬಾಡಿತ್ತು. "ಎಲ್ಲರೂ ಪದದ ಬಾಲ ನುಂಗುತ್ತಾರೆ. ಪ್ರತಿ ಮಾತಿನ ಕೊನೆಗೂ 'ಗೊತ್ತಾಯ್ತಾ?' ಎನ್ನುತ್ತಾರೆ. ನನಗೆ ಆ 'ಗೊತ್ತಾಯ್ತಾ' ಒಂದೇ ಗೊತ್ತಾಗಿದ್ದು" ಎಂದಳು. ಮರುದಿನ ಮತ್ತೆ ಹೋದಳು. ಅದರ ಮರುವಾರವೂ ಹೋದಳು. ಪಕ್ಕದಲ್ಲಿ ಕೂತ ಯೆಸೇನಿಯಾ ಎಂಬ ಹುಡುಗಿ ತಾನಾಗಿಯೇ ಅವಳ ಕಿವಿಯಲ್ಲಿ ನಿಧಾನಕ್ಕೆ ಮತ್ತೆ ಹೇಳತೊಡಗಿದ್ದಳು. ಹೆಸರು ಬರೆಸುವ ಕೊನೆಯ ದಿನ ನೇಝಾ ಆ ಕೋರ್ಸನ್ನೇ ಬರೆಸಿದಳು.

ಈಗ ಹಿಂತಿರುಗಿ ನೋಡಿದರೆ ಮೈ ಜುಮ್ಮೆನ್ನುವುದು ಒಂದು ವಿಷಯಕ್ಕೆ. ಆ ಎರಡು ವಾರಗಳಲ್ಲಿ ನಿಮ್ಮ ಕಚೇರಿಯಿಂದ ಅವಳಿಗೆ ಮೇಲಿಂದ ಮೇಲೆ ಬುದ್ಧಿಮಾತು ಬಂತು. ಆ ಪ್ರೊಫೆಸರ್ ಅಂಕ ಕೊಡುವುದರಲ್ಲಿ ಜಿಪುಣರು ಎಂದು ಒಮ್ಮೆ. ತರಗತಿಯ ಹೊತ್ತು ಅನುಕೂಲದ್ದಲ್ಲ ಎಂದು ಒಮ್ಮೆ. ಹೊರಗೆ ಓಡಾಟ ಜಾಸ್ತಿ, ವಿಮೆ ಅದಕ್ಕೆ ಅನ್ವಯಿಸುವುದಿಲ್ಲ ಎಂದು ಇನ್ನೊಮ್ಮೆ. ಕೋರ್ಸಿನಲ್ಲಿ ಏನು ಕಲಿಸುತ್ತಾರೆಂದು ಮಾತ್ರ ಒಬ್ಬರೂ ಹೇಳಲಿಲ್ಲ. ಪರದೇಶದ ಮಗುವಿನ ಬಗ್ಗೆ ಎಷ್ಟು ಕಾಳಜಿ ಎಂದು ನಾನು ಆಗ ಮೆಚ್ಚಿಕೊಂಡಿದ್ದೆ.

ಕೋರ್ಸಿನ ಕೆಲಸ ಸರಳವಾದದ್ದು. ನಮ್ಮ ಭಾಗದ ಒಂದು ಕಂಪನಿಯನ್ನು ಆರಿಸಿಕೊಳ್ಳಬೇಕು. ಅದು ತನ್ನ ಅಪಾಯಗಳ ಬಗ್ಗೆ ಹೂಡಿಕೆದಾರರಿಗೆ ಏನು ಹೇಳುತ್ತದೆ, ಅದರ ಪಕ್ಕದಲ್ಲಿ ಬದುಕುವವರಿಗೆ ಏನು ಹೇಳುತ್ತದೆ ಎಂದು ಹೋಲಿಸಬೇಕು. ಯೆಸೇನಿಯಾಳ ಊರು ಎಲ್ ಮೈತೆನಾಲ್, ಬಸ್ಸಿನಲ್ಲಿ ಒಳನಾಡಿಗೆ ಅರ್ಧ ದಿನದ ದಾರಿ. ಊರಿನ ನೆತ್ತಿಯ ಮೇಲೆ ತಾಮ್ರದ ಗಣಿಯ ಕೆಸರುಕಟ್ಟೆ ಇದೆ. ತಾಮ್ರ ತೆಗೆದು ಉಳಿದ ಬೂದು ಕೆಸರನ್ನೆಲ್ಲ ಅಲ್ಲಿ ತುಂಬುತ್ತಾರೆ. ತುಂಬಿದ ಹಾಗೆಲ್ಲ ಗೋಡೆ ಏರಿಸುತ್ತಾರೆ. ಇಬ್ಬರೂ ಹುಡುಗಿಯರು ಅದನ್ನೇ ಆರಿಸಿಕೊಂಡರು. ಏಪ್ರಿಲಿನಲ್ಲಿ ಲೆಯ್ವಾ ಇಡೀ ತರಗತಿಯನ್ನು ಅಲ್ಲಿಗೆ ಕರೆದೊಯ್ದರು.

ಆ ದಿನದ ಕತೆಯನ್ನು ನೇಝಾ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಗಣಿ ಕಂಪನಿಯ ಕಡೆಯಿಂದ ಬಿಳಿ ಹೆಲ್ಮೆಟ್ಟಿನ ಎಂಜಿನಿಯರ್ ಒಬ್ಬ ಬಂದು ಎಲ್ಲರಿಗೂ ಗೋಡೆ ತೋರಿಸಿದ. ಸೌಜನ್ಯದ ಮನುಷ್ಯ, ಮಕ್ಕಳಿಗೆ ಹಣ್ಣಿನ ರಸ ಕುಡಿಸಿದ. ಗೋಡೆಗೆ ಏನೂ ಆಗುವುದಿಲ್ಲ, ಆದರೂ ಊರಿಗೆ ಎಚ್ಚರಿಕೆ ಕೊಡಲು ಸೈರನ್ ಇದೆ ಎಂದು ಕಂಬವೊಂದನ್ನು ತೋರಿಸಿದ. ಇಲ್ಲಿಯ ಮಕ್ಕಳು ತಲೆಯಾಡಿಸಿದರು. ನೇಝಾಳಿಗೆ ಎಲ್ಲ ಮಾತೂ ಪೂರ್ತಿ ತಿಳಿಯುತ್ತಿರಲಿಲ್ಲವಲ್ಲ, ಹಾಗಾಗಿ ಮೊದಲನೇ ಪಾಠದ ವ್ಯಾಕರಣದಲ್ಲಿ ಕೇಳಿದಳು.

"ಸೈರನ್ ಅನ್ನು ಯಾರು ಊದುತ್ತಾರೆ?"

"ಯಾರೂ ಊದಬೇಕಾಗಿಲ್ಲ. ತಾನೇ ಊದುತ್ತೆ" ಎಂದ ಎಂಜಿನಿಯರ್.

"ಅದಕ್ಕೆ ವಿದ್ಯುತ್ ಎಲ್ಲಿಂದ ಬರುತ್ತದೆ?"

"ಊರಿನ ಲೈನಿಂದಲೇ."

"ಜೋರು ಮಳೆ ಬಂದಾಗ ಊರಿನಲ್ಲಿ ವಿದ್ಯುತ್ ಇರುತ್ತದೆಯೇ?"

ಎಲ್ಲಿ ಇರುತ್ತೆ ಎಂದು ಹಿಂದಿನಿಂದ ಯಾರೋ ನಕ್ಕರಂತೆ. ಎಂಜಿನಿಯರ್ ನಗುತ್ತ, "ನಿನ್ನ ಸ್ಪ್ಯಾನಿಷ್ ತುಂಬಾ ಚೆನ್ನಾಗಿದೆ ಮರೀ. ಯಾವ ದೇಶ ನಿಂದು?" ಎಂದ. ಅವಳು ದೇಶದ ಹೆಸರು ಹೇಳಿದಳು. ಅವನು ಅದನ್ನು ಬರೆದುಕೊಂಡ.

ಮಧ್ಯಾಹ್ನ ಯೆಸೇನಿಯಾ ಗೆಳತಿಯನ್ನು ಅಜ್ಜಿಯ ಮನೆಗೆ ಕರೆದೊಯ್ದಳು. ದೋನ್ಯಾ ಕ್ಲೊರಿಂದಾ ಎಂದು ಆ ಅಜ್ಜಿಯ ಹೆಸರು. ಊರೆಲ್ಲ ಹಾಗೇ, ಗೌರವದ 'ದೋನ್ಯಾ' ಸೇರಿಸಿಯೇ ಕರೆಯುತ್ತದೆ. ಅಂಗಳದಲ್ಲಿ ನಿಂತರೆ ಮನೆಯ ಸೂರಿನ ಮೇಲೆ ಬೂದು ಗೋಡೆ ಕಾಣುತ್ತದೆ. "ಆ ಗುಡ್ಡ ಎಷ್ಟು ಎತ್ತರ?" ಎಂದು ನೇಝಾ ಕೇಳಿದಾಗ ಅಜ್ಜಿ ಬಟ್ಟೆ ಹರವುತ್ತಲೇ, "ಗುಡ್ಡ ಎಲ್ಲಿಂದ ಬಂತು ಮಗಾ? ನಾನು ಮದುವೆಯಾಗಿ ಬಂದಾಗ ಅಲ್ಲಿ ಆಕಾಶ ಇತ್ತು" ಎಂದಳಂತೆ. ಮೊದಲು ತಿಂಗಳಿಗೊಮ್ಮೆ ಸೈರನ್ ಊದಿ ಪರೀಕ್ಷೆ ಮಾಡುತ್ತಿದ್ದರು, ಪ್ರವಾಸಿಗರು ಹೆದರುತ್ತಾರೆಂದು ಹೋದ ವರ್ಷದಿಂದ ನಿಲ್ಲಿಸಿದ್ದಾರೆ ಎಂದೂ ಹೇಳಿದಳು. ಅಪಾಯ ಬಂದರೆ ಊರವರು ಸೇರಬೇಕಾದ ಜಾಗ ಫುಟ್‌ಬಾಲ್ ಮೈದಾನ ಎಂದು ದಾರಿಯ ಫಲಕಗಳಲ್ಲಿ ಬಾಣದ ಗುರುತಿದೆ. ಹುಡುಗಿಯರು ಬಾಣ ಹಿಡಿದು ನಡೆದುಕೊಂಡು ಹೋದರು. ಮೈದಾನ ಇರುವುದು ಹಳ್ಳದ ಪಕ್ಕದ ತಗ್ಗಿನಲ್ಲಿ. ಕೆಸರು ಬಂದರೆ ಮೊದಲು ಬರುವುದೇ ಅಲ್ಲಿಗೆ. ಮಾನ್ಯರೇ, ಇದನ್ನು ಕಂಡುಹಿಡಿಯಲು ಎಷ್ಟು ಸ್ಪ್ಯಾನಿಷ್ ಬೇಕು? ನೀರು ಇಳಿಜಾರಿಗೆ ಹರಿಯುವುದು ಯಾವ ಭಾಷೆಯಲ್ಲಿ?

ಆಮೇಲೆ ಆದದ್ದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮೇ ತಿಂಗಳ ನಡುವೆ, ವಿದ್ಯಾರ್ಥಿಗಳು ತಮ್ಮ ಕೆಲಸವನ್ನು ತರಗತಿಯ ಮುಂದೆ ಓದುವುದಕ್ಕೆ ಇನ್ನೇನು ಕೆಲವೇ ದಿನವಿರುವಾಗ, ಪ್ರೊಫೆಸರ್ ಲೆಯ್ವಾ ತರಗತಿಗೆ ಬರಲಿಲ್ಲ. ಅವರ ಬದಲು ಬಂದ ಯುವಕ, ಕೋರ್ಸನ್ನು 'ಮರುರಚನೆ' ಮಾಡಲಾಗಿದೆ, ಹೊರಗಿನ ಅಧ್ಯಯನ ಇನ್ನಿಲ್ಲ, ಎಲ್ಲರೂ ಪುಸ್ತಕದ ಮೂರನೇ ಅಧ್ಯಾಯ ತೆರೆಯಿರಿ ಎಂದ. ಲೆಯ್ವಾ ಅವರ ಗುತ್ತಿಗೆ ಮುಗಿಯಿತಂತೆ. ಸೆಮಿಸ್ಟರಿನ ನಡುವೆ ಮುಗಿಯುವ ಗುತ್ತಿಗೆ ಎಂಥದೋ ನಾನರಿಯೆ. ಅದೇ ವಾರ ನಿಮ್ಮ ಕಚೇರಿ ನೇಝಾಳಿಗೆ ತಿಳಿಸಿತು: ವಿನಿಮಯ ವಿದ್ಯಾರ್ಥಿಗಳಿಗೆ ಈ ಕೋರ್ಸಿನ ಕ್ರೆಡಿಟ್ ಇನ್ನು ಸಿಗುವುದಿಲ್ಲ, ದ್ರಾಕ್ಷಾರಸದ ತರಗತಿಗೆ ಈಗಲೂ ಸೇರಬಹುದು, ಸೇರದಿದ್ದರೆ ಕ್ರೆಡಿಟ್ ಕಡಿಮೆ ಬಿದ್ದು ಅವಳ ವಿದ್ಯಾರ್ಥಿವೇತನಕ್ಕೂ ವೀಸಾಕ್ಕೂ 'ಪರಿಣಾಮವಾಗಬಹುದು'. ಆಗಬಹುದು! ಎಂಥ ಮೃದುವಾದ ಪದ. ಸಾಣೆ ಹಿಡಿದ ಚಾಕುವನ್ನು ಹತ್ತಿಯಲ್ಲಿ ಸುತ್ತಿ ಕೊಟ್ಟ ಹಾಗೆ.

ನಾನು ಅವಳ ಜೊತೆ ನಿಮ್ಮ ಕಚೇರಿಗೆ ಬಂದೆ. ನೆನಪಿದೆಯೇ? ಹೊಸ ಸಭಾಂಗಣದ ಪಕ್ಕದ ಕಟ್ಟಡ. ಆ ಸಭಾಂಗಣದ ಗಾಜಿನ ಬಾಗಿಲಿನ ಮೇಲೆ ಗಣಿ ಕಂಪನಿಯ ಹೆಸರನ್ನು ಎಷ್ಟು ಅಂದವಾಗಿ ಕೊರೆಸಿದ್ದೀರಿ. ನೀವು ಎದ್ದು ನಿಂತು ನಮಗೆ ಕುರ್ಚಿ ತೋರಿಸಿದಿರಿ.

"ಬನ್ನಿ ಅಮ್ಮಾ, ಕೂತ್ಕೊಳಿ. ಕಾಫಿ ತರಿಸ್ಲಾ?"

"ಕಾಫಿ ಬೇಡ. ಈ ಹುಡುಗಿ ಮಾರ್ಚಲ್ಲಿ ಆರಿಸ್ಕೊಂಡ ಕೋರ್ಸು ಮೇನಲ್ಲಿ ಯಾಕೆ ಕೆಟ್ಟದಾಯ್ತು ಅಂತ ಹೇಳಿ, ಸಾಕು."

"ಕೆಟ್ಟದು ಅಂತ ಯಾರಂದ್ರು? ಅವಳಿಗೆ ಹೊಂದಲ್ಲ ಅಷ್ಟೇ. ನಮ್ಮ ಅತಿಥಿಗಳು ನಮ್ಮ ದೇಶದಿಂದ ಒಳ್ಳೆ ನೆನಪು ತಗೊಂಡು ಹೋಗ್ಲಿ ಅಂತ ನಮ್ಮಾಸೆ."

"ಮತ್ತೆ ಲೆಯ್ವಾ ಅವರು?"

"ಅದು ಆಡಳಿತದ ವಿಚಾರ, ನಂಗೇನೂ ಗೊತ್ತಿಲ್ಲ." ನೀವು ನೇಝಾಳ ಕಡೆ ತಿರುಗಿದಿರಿ. ದನಿ ಇನ್ನಷ್ಟು ಮೆತ್ತಗಾಯಿತು. "ನೋಡಮ್ಮಾ, ಗಣಿ ವಿಷಯ ಸೂಕ್ಷ್ಮ. ನೀನು ಹೊರಗಿನವಳು. ಇಲ್ಲಿರೋರಿಗೆ, ಅದ್ರಲ್ಲೂ ನಿನ್ನ ಗೆಳತಿ ಮನೆಯವ್ರಿಗೆ, ನಿನ್ನಿಂದ ತೊಂದ್ರೆ ಆಗ್ಬಾರ್ದಲ್ವಾ?"

ನಾವು ಬಾಯಿಬಿಟ್ಟು ಯಾವ ಗೆಳತಿಯ ಹೆಸರನ್ನೂ ಹೇಳಿರಲಿಲ್ಲ. ಅವಳಿಗೊಂದು ಮನೆಯಿದೆ, ಆ ಮನೆಗೆ ತೊಂದರೆಯಾಗಬಲ್ಲದು ಎಂಬುದು ನಿಮಗೆ ಹೇಗೆ ತಿಳಿದಿತ್ತು? ಆ ಪ್ರಶ್ನೆ ನನಗೆ ಹೊಳೆದದ್ದು ಬಸ್ಸು ಹತ್ತಿದ ಮೇಲೆ. ನೇಝಾಳಿಗೆ ಅಲ್ಲೇ ಹೊಳೆದಿತ್ತು.

ಮರುದಿನ ಯೆಸೇನಿಯಾ ನನ್ನ ಮನೆಗೆ ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ, ಬಾಗಿಲಲ್ಲೇ ನಿಂತು ಮಾತಾಡಿದಳು. "ನಾನು ಈ ಕೆಲಸ ಬಿಟ್ಟೆ ಕಣೇ ನೇಝಾ. ನನ್ನ ಹೆಸರು ತೆಗೆದುಬಿಡು."

"ಏಕೆ? ಇದು ನಿನ್ನ ಊರಿನ ವಿಷಯ!"

"ನನ್ನೂರಿನ ವಿಷಯ, ಅದಕ್ಕೇ. ನಂಗೆ ಓದೋಕೆ ದುಡ್ಡು ಕೊಡ್ತಿರೋರು ಯಾರು? ಗಣಿಯವ್ರು. ನಮ್ಮಣ್ಣ ಯಾರ ಲಾರಿ ಓಡಿಸ್ತಾನೆ? ಗಣಿಯವರದ್ದು. ನಿನ್ನೆ ಅವನನ್ನ ಕರ್ದು ಕೇಳಿದಾರೆ, ನಿನ್ನ ತಂಗಿ ಹೆಂಗ್ ಓದ್ತಾ ಇದಾಳೆ ಅಂತ. ಅಷ್ಟೇ ಕೇಳಿದ್ದು, ಬೇರೇನಿಲ್ಲ. ಅವ್ನು ಮನೆಗೆ ಬಂದು ಊಟಾನೇ ಮಾಡ್ಲಿಲ್ಲ."

"ನಾವು ಸುಳ್ಳು ಬರೆದಿಲ್ಲ" ಎಂದಳು ನೇಝಾ.

"ನೀನು ಜುಲೈಗೆ ವಿಮಾನ ಹತ್ತುತೀಯ. ನಾನು ಬಸ್ಸು ಹತ್ತಬೇಕು, ಅದೇ ಊರಿಗೆ."

ಯೆಸೇನಿಯಾ ಹೋದ ಮೇಲೆ ನೇಝಾ ತುಂಬ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದಳು. ಅವಳ ತಪ್ಪೇನೆಂದು ಅವಳು ಹುಡುಕುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಸಮಾಧಾನ ಹೇಳಲು ನೋಡಿದೆ. ಅವಳು ಕೇಳಿದ್ದು ಒಂದೇ ಮಾತು: "ಚಿಕ್ಕಮ್ಮ, ಸುಮ್ನಿದ್ರೆ ಅವಳಿಗೆ ಒಳ್ಳೇದಾ? ಮಾತಾಡಿದ್ರೆ ಅವಳಿಗೆ ಒಳ್ಳೇದಾ?" ಅಷ್ಟರೊಳಗೆ ಅವಳ ಬಾಯಿಂದ ಪುಸ್ತಕದ ಭಾಷೆ ಬಿದ್ದುಹೋಗಿತ್ತು. ಆ ಪ್ರಶ್ನೆಯನ್ನು ಹಾಗೇ ನಿಮಗೆ ಕೇಳುತ್ತಿದ್ದೇನೆ. ನಿಮ್ಮ ಹತ್ತಿರ ಉತ್ತರ ಇದೆಯೇ?

ಅವಳು ದ್ರಾಕ್ಷಾರಸದ ತರಗತಿಗೆ ಸೇರಿದಳು. ನಿಮ್ಮ ಕಚೇರಿ ಅವಳ ವಿವೇಕವನ್ನು ಹೊಗಳಿತು. ದಿನಾ ಹೋಗಿ ಕೂತು ಬಂದಳು, ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬಂತು. ಆದರೆ ಅದರ ಜೊತೆಗೇ, ಯಾವ ಕ್ರೆಡಿಟ್ಟೂ ಇಲ್ಲದೆ, ಯಾವ ಮೇಷ್ಟರೂ ಇಲ್ಲದೆ ತನ್ನ ಮೊದಲಿನ ಕೆಲಸವನ್ನು ಬರೆದು ಮುಗಿಸಿದಳು. ನಾನು ವ್ಯಾಕರಣ ತಿದ್ದಿದೆ, ಬೇರೇನನ್ನೂ ಮುಟ್ಟಲಿಲ್ಲ. ಜೂನ್ ಮೊದಲ ವಾರ ಎಲ್ ಮೈತೆನಾಲಿನ ಚರ್ಚಿನ ಪಕ್ಕದ ಕೋಣೆಯಲ್ಲಿ ಅದನ್ನು ಓದಿದಳು. ಇಪ್ಪತ್ತೋ ಮೂವತ್ತೋ ಜನ ಬಂದಿದ್ದರು, ಯೆಸೇನಿಯಾ ಬರಲಿಲ್ಲ. ಲೆಯ್ವಾ ಹಿಂದಿನ ಬೆಂಚಿನಲ್ಲಿ ಕೂತಿದ್ದರು, ಟೊಪ್ಪಿಗೆಯನ್ನು ಮೊಣಕಾಲ ಮೇಲಿಟ್ಟುಕೊಂಡು. ಓದಿ ಮುಗಿದ ಮೇಲೆ ಚಪ್ಪಾಳೆ ಬೀಳಲಿಲ್ಲ. ದೋನ್ಯಾ ಕ್ಲೊರಿಂದಾ ಎದ್ದು, "ಹಂಗಾದ್ರೆ ಮೈದಾನಕ್ಕೆ ಹೋಗ್ಬಾರ್ದು. ಎಲ್ಲಿಗೆ ಹೋಗ್ಬೇಕು?" ಎಂದು ಕೇಳಿದಳು. ಸ್ಮಶಾನ ಎತ್ತರದಲ್ಲಿದೆ ಎಂದು ಯಾರೋ ಹೇಳಿದರು. "ಹೆಂಗೂ ಹೋಗೋ ಜಾಗ, ಸ್ವಲ್ಪ ಮುಂಚೆ ಹೋದ್ರಾಯ್ತು" ಎಂದು ಒಬ್ಬ ಮುದುಕ ಅಂದ. ನಕ್ಕರು. ನಕ್ಕು, ಎಲ್ಲರೂ ಎದ್ದು ಸ್ಮಶಾನದವರೆಗೆ ಒಮ್ಮೆ ನಡೆದು ನೋಡಿದರು.

ಜೂನ್ ಕೊನೆಯ ಭಾನುವಾರ ನಾನೂ ಅಲ್ಲಿದ್ದೆ, ಮಾನ್ಯರೇ. ಆದ್ದರಿಂದ ಇನ್ನು ಮುಂದೆ ಬರೆಯುವುದನ್ನು ಯಾರೋ ಹೇಳಿದ್ದೆಂದು ತಳ್ಳಿಹಾಕುವಂತಿಲ್ಲ. ನೇಝಾಳಿಗೆ ಹೊರಡುವ ದಿನ ಹತ್ತಿರ ಬಂದಿತ್ತು, ಅಜ್ಜಿಗೆ ಹೇಳಿ ಹೋಗಬೇಕೆಂದು ಹಟ ಹಿಡಿದಳು. ನಾವು ಶನಿವಾರವೇ ಹೋದೆವು. ಹೋದಾಗಲೇ ಮಳೆ ಹಿಡಿದಿತ್ತು, ಭಾನುವಾರವೂ ಬಿಡಲಿಲ್ಲ. ಅಜ್ಜಿ ಮಳೆಗೆಂದು ಕುಂಬಳಕಾಯಿ ಹಿಟ್ಟಿನ ಬಿಲ್ಲೆಗಳನ್ನು ಕರಿಯುತ್ತಿದ್ದಳು. ಯೆಸೇನಿಯಾ ಒಲೆಯ ಪಕ್ಕ ನಿಂತಿದ್ದಳು. ಅವಳಿಗೂ ನೇಝಾಳಿಗೂ ಇನ್ನೂ ಸರಿಯಾಗಿ ಮಾತಿರಲಿಲ್ಲ. ರೇಡಿಯೋದಲ್ಲಿ ಯಾರೋ ಫುಟ್‌ಬಾಲ್ ಪಂದ್ಯದ ವಿವರಣೆ ಕೊಡುತ್ತಿದ್ದ. ನಡು ಮಧ್ಯಾಹ್ನ ರೇಡಿಯೋ ನಿಂತಿತು. ಕರೆಂಟು ಹೋಗಿತ್ತು.

ಕಿಟಕಿಯಿಂದ ಸೈರನ್ನಿನ ಕಂಬ ಕಾಣುತ್ತಿತ್ತು. ಎಲ್ಲರೂ ಅದನ್ನೇ ನೋಡಿದೆವು. ಆಮೇಲೆ ದೂರದಲ್ಲಿ ಭಾರದ ಲಾರಿಯೊಂದು ಬರುವ ಸದ್ದು ಕೇಳಿಸಿತು. ಬರುತ್ತಲೇ ಇತ್ತು, ಹಾದುಹೋಗಲಿಲ್ಲ. ಅಜ್ಜಿ ಬಾಣಲೆಯನ್ನು ಒಲೆಯಿಂದ ಇಳಿಸಿದಳು. "ಲಾರಿ ಅಲ್ಲ ಅದು" ಎಂದಳು. "ಏಳ್ರಿ. ತಟ್ಟೆ ಬಿಡ್ರಿ. ಏನೂ ತಗೋಬ್ಯಾಡ್ರಿ."

ನಾನು ಎಪ್ಪತ್ತರ ಹತ್ತಿರದವಳು. ಆ ಏರು ಹತ್ತಿದ್ದು ಹೇಗೆಂದು ಈಗಲೂ ನನಗೆ ತಿಳಿಯದು. ನೇಝಾ ನನ್ನ ರಟ್ಟೆ ಹಿಡಿದಿದ್ದಳು, ಯೆಸೇನಿಯಾ ಅಜ್ಜಿಯನ್ನು ಎಳೆಯುತ್ತಿದ್ದಳು. ಬಾಗಿಲು ಬಾಗಿಲಿಗೂ ಬಡಿದು ಕೂಗುತ್ತ ಹೋದಳು ಯೆಸೇನಿಯಾ: "ಮೈದಾನಕ್ಕೆ ಹೋಗ್ಬೇಡಿ! ಸ್ಮಶಾನಕ್ಕೆ! ಮೇಲಕ್ಕೆ!" ಜನ ಹೊರಬಂದರು. ಮಕ್ಕಳನ್ನು ಎತ್ತಿಕೊಂಡವರು, ಬರಿಗಾಲಿನವರು. ಸಮಾಧಿಗಳ ನಡುವೆ ಮಳೆಯಲ್ಲಿ ನಿಂತು ಕೆಳಗೆ ನೋಡಿದೆವು. ಹಳ್ಳದಲ್ಲಿ ಬೂದು ಬಣ್ಣದ್ದೊಂದು ನಿಧಾನಕ್ಕೆ ಇಳಿಯುತ್ತಿತ್ತು. ನೀರಿನ ಹಾಗೆ ಹರಿಯಲಿಲ್ಲ, ನಡೆಯುವ ಹಾಗೆ ಬಂತು. ಮೈದಾನಕ್ಕೆ ತಿರುಗಿತು, ಒಂದು ಗೋಲಿನ ಕಂಬದ ಅರ್ಧದವರೆಗೆ ಏರಿತು, ಅಲ್ಲಿ ನಿಂತಿತು. ಅಜ್ಜಿಯ ಕೋಳಿಗೂಡು ಅದರೊಳಗೆ ಹೋಯಿತು. ಸೈರನ್ ಊದಲಿಲ್ಲ. ಒಂದು ಸಲವೂ ಊದಲಿಲ್ಲ.

ಯಾರೂ ಸಾಯಲಿಲ್ಲ. ಹಾಗಾಗಿ ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಪತ್ರಿಕೆಯವರು ಬರುವಷ್ಟರಲ್ಲಿ ಗಣಿಯ ಯಂತ್ರಗಳು ಮೈದಾನವನ್ನು ಕೆರೆದು, ನೀರು ಹಾಯಿಸಿ ತೊಳೆದಿದ್ದವು. 'ಮಳೆಗೆ ಕೊಚ್ಚಿಬಂದ ಮಣ್ಣು' ಎಂದು ಹೇಳಿಕೆ ಬಂತು. ಗೋಡೆ ಭದ್ರವಾಗಿದೆಯಂತೆ. ಊರವರು ಬೆದರಿದ್ದು 'ಹೊರಗಿನವರ ಬೇಜವಾಬ್ದಾರಿ ಪ್ರಚಾರ'ದಿಂದಂತೆ. ಅದಾಗಿ ಮೂರನೆಯ ದಿನ ನಿಮ್ಮ ಕಚೇರಿ ನೇಝಾಳ ತಾಯ್ನಾಡಿನ ವಿಶ್ವವಿದ್ಯಾಲಯಕ್ಕೆ ದೂರು ಬರೆಯಿತು: ಅವಳು ಅತಿಥಿ ವಿದ್ಯಾರ್ಥಿಯ ನಡತೆಯನ್ನು ಮೀರಿದ್ದಾಳೆ ಎಂದು. ಅಲ್ಲಿ ಅವಳ ಮೇಲೆ ಈಗ ವಿಚಾರಣೆ ನಡೆಯುತ್ತಿದೆ. ಮುಗಿಯುವವರೆಗೆ ಈ ಸೆಮಿಸ್ಟರಿನ ಯಾವ ಕ್ರೆಡಿಟ್ಟೂ ಇಲ್ಲ, ದ್ರಾಕ್ಷಾರಸದ್ದು ಕೂಡ. ಹೊರಡುವ ದಿನ ಅವಳು ನನ್ನ ಹತ್ತಿರ ಅಳಲಿಲ್ಲ. "ಚಿಕ್ಕಮ್ಮ, ಆ ಗೋಡೆ ಇನ್ನೂ ಎತ್ತರ ಮಾಡ್ತಿದಾರಂತೆ" ಎಂದಷ್ಟೇ ಹೇಳಿದಳು.

ಅದು ನಿಜ. ಹೋದ ವಾರ ನಾನು ಮತ್ತೆ ಹೋಗಿ ನೋಡಿ ಬಂದೆ. ಲಾರಿಗಳು ಹಗಲೆಲ್ಲ ಓಡಾಡುತ್ತಿವೆ. ಗೋಡೆಯ ಬುಡದಲ್ಲಿ, ಏಪ್ರಿಲಿನಲ್ಲಿ ಮಕ್ಕಳು ಒಣಗಿದ್ದೆಂದು ಗುರುತಿಸಿದ್ದ ಜಾಗದಲ್ಲಿ, ಈಗ ಹಸಿರು ಹುಲ್ಲು ಬೆಳೆದಿದೆ. ಮಳೆ ನಿಂತು ದಿನಗಳಾಗಿದ್ದರೂ ಅಲ್ಲಿ ಕಾಲಿಟ್ಟರೆ ನೆಲ ಕುಸಿಯುತ್ತದೆ, ಗೋಡೆಯೊಳಗಿಂದ ನೀರು ಒಸರುತ್ತಿರಬೇಕು. ಮೇಕೆಗಳು ಆ ಹುಲ್ಲನ್ನು ಮುಟ್ಟುವುದಿಲ್ಲ. ಫಲಕಗಳ ಬಾಣಗಳು ಇಂದಿಗೂ ಮೈದಾನವನ್ನೇ ತೋರಿಸುತ್ತಿವೆ. ಹೊಸ ಬಣ್ಣ ಮಾತ್ರ ಬಳಿದಿದ್ದಾರೆ. ಊರಿನ ಜನ ಮೋಡ ಕವಿದರೆ ಬಟ್ಟೆ ಬದಲಾಯಿಸದೆ, ಬೂಟು ಬಿಚ್ಚದೆ ಕೂರುತ್ತಾರೆ. ಜೂನಿನಲ್ಲಿ ಹಿಡಿದ ನಮ್ಮ ಚಳಿಗಾಲದ ಮಳೆ ಇನ್ನೂ ಅರ್ಧ ಬಾಕಿ ಇದೆ.

ಇಂಥ ಹೊತ್ತಿನಲ್ಲಿ ನೀವು ಮಾಡಿದ ಕೆಲಸವೆಂದರೆ ಒಂದು ಕೋರ್ಸನ್ನು ಅಳಿಸಿದ್ದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡಿರಿ. ಇಲ್ಲಿ ಹಾವು ಊರ ತಲೆಯ ಮೇಲೆ ಮಲಗಿದೆ, ಮಾನ್ಯರೇ, ಕೋಲನ್ನು ನೀವು ಬಚ್ಚಿಟ್ಟಿದ್ದೀರಿ. ಬಿಸಿನೆಸ್ ಓದಲು ಬಂದ ಮಕ್ಕಳಿಗೆ ಯಾವುದನ್ನು ಆರಿಸಿಕೊಳ್ಳಲು ಬಿಡುತ್ತೀರಿ, ಯಾವುದನ್ನು ಬಿಡುವುದಿಲ್ಲ ಎಂಬುದರಲ್ಲೇ ನೀವು ಏನು ಕಲಿಸುತ್ತೀರೆಂಬುದು ಗೊತ್ತಾಗುತ್ತದೆ. ಮಾರುವುದನ್ನು ಕಲಿಸುತ್ತೀರಿ, ನಯವಾಗಿ ಕೈಕುಲುಕುವುದನ್ನು ಕಲಿಸುತ್ತೀರಿ. ಪ್ರಶ್ನೆ ಕೇಳುವ ಕಲೆಗೆ ಮಾತ್ರ ನಿಮ್ಮಲ್ಲಿ ಕ್ರೆಡಿಟ್ ಇಲ್ಲ.

ಮೊನ್ನೆ ಯೆಸೇನಿಯಾ ನನ್ನ ಮನೆಗೆ ಬಂದಿದ್ದಳು. ಈ ಸಲ ಒಳಗೆ ಬಂದು ಕೂತಳು. ಗಣಿಯವರ ವಿದ್ಯಾರ್ಥಿವೇತನ ನಿಂತಿದೆ, ಅಣ್ಣನನ್ನು ಲಾರಿಯಿಂದ ಇಳಿಸಿದ್ದಾರೆ. ನಾನು ಏನಾದರೂ ಹೇಳುವ ಮೊದಲೇ, "ಆಂಟೀ, ನೇಝಾ ಬರ್ದಿದ್ದರ ಮೇಲೆ ನನ್ನ ಹೆಸರೂ ಹಾಕಿ. ಮೊದಲು ನಂದು, ಆಮೇಲೆ ಅವಳದ್ದು. ಊರು ನಂದು ತಾನೇ?" ಎಂದಳು. ಹಾಕಿದ್ದೇನೆ. ಬೇಕಾದವರು ಎಲ್ ಮೈತೆನಾಲಿನ ಚರ್ಚಿನಲ್ಲಿ ಕೇಳಿ ಓದಬಹುದು.

ಇನ್ನು ನನ್ನ ಬೇಡಿಕೆ. ನೇಝಾಳ ಮೇಲಿನ ದೂರನ್ನು ನೀವು ಹಿಂತೆಗೆದುಕೊಳ್ಳಬೇಕು, ಹಿಂತೆಗೆದುಕೊಂಡದ್ದನ್ನು ಅವಳ ವಿಶ್ವವಿದ್ಯಾಲಯಕ್ಕೆ ತಿಳಿಸಬೇಕು. 'ಉದ್ಯಮ ಮತ್ತು ಅಪಾಯ' ಕೋರ್ಸನ್ನು, ಅದನ್ನು ಕಲಿಸುತ್ತಿದ್ದ ಮನುಷ್ಯನ ಸಮೇತ, ಆಗಸ್ಟ್ ಪಟ್ಟಿಗೆ ಮರಳಿ ಸೇರಿಸಬೇಕು. ನಿಮ್ಮ ಸಭಾಂಗಣಕ್ಕೆ ಹೆಸರು ಕೊಟ್ಟವರಿಗೆ ಫೋನು ಮಾಡಿ, ಆ ಬಾಣಗಳನ್ನು ತಿರುಗಿಸಲು ಹೇಳಬೇಕು. ಇದು ಕೊನೆಯದು, ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ತುರ್ತು. ಹಾಗಾಗಿ ನೀವು ಮಾಡಲಿಕ್ಕಿಲ್ಲವೆಂಬ ಭಯ ನನಗಿದೆ.

ತಿಂಗಳ ಕೊನೆಗೆ ಇಬ್ಬರು ಹೊಸ ವಿದ್ಯಾರ್ಥಿಗಳನ್ನು ನನ್ನಲ್ಲಿಗೆ ಕಳಿಸುವುದಾಗಿ ನೀವು ಮೊದಲೇ ತಿಳಿಸಿದ್ದಿರಿ. ಒಬ್ಬ ನಾರ್ವೆಯವನು, ಒಬ್ಬಳು ಜಪಾನಿನವಳು. ಈ ಪತ್ರ ಓದಿದ ಮೇಲೆ ನೀವು ಅವರನ್ನು ಬೇರೆ ಮನೆಗೆ ಕಳಿಸಬಹುದು, ಕಳಿಸಿ. ಎಲ್ಲಿದ್ದರೂ ಹುಡುಕಿಕೊಂಡು ಹೋಗುತ್ತೇನೆ. ನಿಮ್ಮ ಪಟ್ಟಿಯಲ್ಲಿ ಆ ಕೋರ್ಸು ಇಲ್ಲದಿದ್ದರೆ ಮೊದಲ ಶನಿವಾರವೇ ಅವರನ್ನು ಒಳನಾಡಿನ ಬಸ್ಸಿಗೆ ಹತ್ತಿಸುತ್ತೇನೆ. ಸ್ಮಶಾನದ ದಿಬ್ಬದ ಮೇಲೆ ನಿಲ್ಲಿಸಿ ಪಾಠ ಶುರುಮಾಡುತ್ತೇನೆ. ಹಾಜರಿಯನ್ನು ನಾನೇ ಕರೆಯುತ್ತೇನೆ, ಮಾನ್ಯರೇ. ನಿಮ್ಮ ಹೆಸರನ್ನೂ ಕರೆಯುತ್ತೇನೆ. ಬರುತ್ತೀರಾ?

ಇಂತಿ,
ನಿಮ್ಮ ಅತಿಥಿಗಳಿಗೆ ಅನ್ನ ಹಾಕಿ, ಅವರ ಭಾಷೆ ತಿದ್ದಿಕೊಟ್ಟು, ಈಗ ನಿಮ್ಮ ಕಿರುಹೊತ್ತಿಗೆಯಿಂದ ಹೊರಬೀಳಲಿರುವ
ನೊಯೆಮಿ ಸಾಂತಿಬಾನ್ಯೆಸ್
ನಿವೃತ್ತ ಶಿಕ್ಷಕಿ, ಸದ್ಯಕ್ಕೆ ಮತ್ತೆ ಕೆಲಸಕ್ಕೆ ಹಾಜರು